ಬೆಟ್ಟದ ಹಳೆಯ ನಕ್ಷೆ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿ ಬಂದವರು ಏನೇನು ತರುತ್ತಾರೆಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ. ಬಾದಾಮಿ, ಪಿಸ್ತಾ, ಚಾಕಲೇಟು, ಸೆಂಟಿನ ಬಾಟಲಿ, ತಳ ಹಿಡಿಯದ ಬಾಣಲೆ. 2007ರಲ್ಲಿ ಪೋರ್ಟ್‌ಲೆಂಡಿನ ಮಗಳ ಮನೆಯಲ್ಲಿ ಐದು ತಿಂಗಳಿದ್ದು ನಾನು ವಾಪಸು ಬಂದ ದಿನ ಸಂಜೆಯೇ ಎದುರುಮನೆಯಾಕೆ ಬಂದು ಸೂಟ್‌ಕೇಸಿನ ಪಕ್ಕ ಕುಳಿತರು. ಬಾದಾಮಿ ಹೊರಬಂತು, ಚಾಕಲೇಟು ಹೊರಬಂತು. ಕೊನೆಗೆ ಬಟ್ಟೆಗಳ ಅಡಿಯಿಂದ ರಟ್ಟಿನ ಉದ್ದನೆಯ ಕೊಳವೆಯೊಂದನ್ನು ತೆಗೆದಾಗ ಅವರ ಕಣ್ಣರಳಿತು. ಮುಚ್ಚಳ ತೆಗೆದು ಮೂರು ಹಾಳೆ ಕಾಗದವನ್ನು ಬಿಚ್ಚಿ ನೆಲದ ಮೇಲೆ ಹರಡಿದೆ. ಅವರು ಬಗ್ಗಿ ನೋಡಿದರು.

"ಏನ್ರೀ ಇದು, ಕಸೂತಿ ಡಿಸೈನಾ?"

"ಬೆಟ್ಟ" ಎಂದೆ.

"ಅಷ್ಟು ದೂರದಿಂದ ಬೆಟ್ಟ ಹೊತ್ಕೊಂಡು ಬಂದ್ರಾ!" ಎಂದು ನಕ್ಕು, ಬಾದಾಮಿಯ ಪೊಟ್ಟಣ ಸೆರಗಿನಡಿ ಇಟ್ಟುಕೊಂಡು ಹೊರಟರು.

ಅವರು ನಕ್ಕಿದ್ದು ತಪ್ಪಲ್ಲ. ಮೊದಲ ಸಲ ನೋಡಿದಾಗ ನನಗೂ ಅದು ಕಸೂತಿಯ ಹಾಗೇ ಕಂಡಿತ್ತು. ಮಗಳು ವಾರಕ್ಕೊಮ್ಮೆ ನನ್ನನ್ನು ಒಂದು ಹಳೆಯ ಪುಸ್ತಕದಂಗಡಿಗೆ ಕರೆದೊಯ್ಯುತ್ತಿದ್ದಳು. ಅವಳು ಮಗನಿಗೆ ಪುಸ್ತಕ ಹುಡುಕುವಷ್ಟು ಹೊತ್ತು ನಾನು ಕಪಾಟುಗಳ ನಡುವೆ ಸುಮ್ಮನೆ ಅಡ್ಡಾಡುತ್ತಿದ್ದೆ. ಒಂದು ಮೂಲೆಯಲ್ಲಿ ಅಗಲವಾದ ಮರದ ಡ್ರಾಯರುಗಳಿದ್ದವು. ಎಳೆದರೆ ಒಳಗೆ ಹಳೆಯ ನಕ್ಷೆಗಳು. ಮೇಲಿದ್ದ ಹಾಳೆಯಲ್ಲಿ ಕಂದು ಬಣ್ಣದ ನೂರಾರು ತೆಳು ಗೆರೆಗಳು, ಹಲಸಿನ ಮರವನ್ನು ಅಡ್ಡ ಕೊಯ್ದಾಗ ಕಾಣುವ ಬಳೆಗಳಂತೆ ಒಂದರೊಳಗೊಂದು ಸುತ್ತಿಕೊಂಡಿದ್ದವು. ಅವುಗಳ ಮೇಲೆ 'ಮೌಂಟ್ ಸೇಂಟ್ ಹೆಲೆನ್ಸ್' ಎಂಬ ಹೆಸರು, ನಟ್ಟ ನಡುವೆ 9,677 ಎಂಬ ಅಂಕಿ.

ಆ ಬೆಟ್ಟ ನನಗೆ ಗೊತ್ತಿತ್ತು. ಮೋಡವಿಲ್ಲದ ದಿನ ಮಗಳ ಮನೆಯ ಮಹಡಿಯ ಕಿಟಕಿಯಿಂದ ಈಶಾನ್ಯ ದಿಕ್ಕಿಗೆ, ಐವತ್ತು ಮೈಲಿಯಾಚೆ ಅದು ಕಾಣುತ್ತಿತ್ತು. ಯಾರೋ ತುದಿಯನ್ನು ಕತ್ತಿಯಿಂದ ಹೊಡೆದು ಹಾಕಿದಂತಹ ಮೊಂಡು ಬೆಟ್ಟ. ಅದರ ಎತ್ತರ 8,363 ಅಡಿ ಎಂದು ಅಳಿಯ ಹೇಳಿದ್ದರು.

"ಇದರಲ್ಲಿ ಎತ್ತರ ತಪ್ಪಾಗಿದೆಯಲ್ಲೇ" ಎಂದು ಮಗಳನ್ನು ಕರೆದೆ.

ಅವಳು ನೋಡಿ, "ತಪ್ಪಲ್ಲಮ್ಮ, ಇದು ಹಳೇದು. ಬೆಟ್ಟ ಒಡೆಯೋಕೆ ಮುಂಚಿನದು" ಎಂದಳು.

ಹಳೆಯ ಎತ್ತರದಿಂದ ಹೊಸ ಎತ್ತರ ಕಳೆದರೆ 1,314 ಅಡಿ. ನಮ್ಮ ಜೋಗದ ಜಲಪಾತ 830 ಅಡಿ. ಅದರ ಒಂದೂವರೆ ಪಾಲಿಗಿಂತ ಹೆಚ್ಚು ಎತ್ತರದ ತಲೆ ಹೋಗಿದೆ; ಈ ಕಾಗದದ ಮೇಲೆ ಮಾತ್ರ ಇನ್ನೂ ಇದೆ. ಸಾಗರದ ಕಡೆ ಹುಟ್ಟಿದ ನಾನು ಲೆಕ್ಕವನ್ನು ಜೋಗದಿಂದಲೇ ಶುರುಮಾಡುವವಳು. ಹಾಳೆಯನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಒಂದನ್ನು ಕೊಂಡರೆ ಸಾಲದು ಎಂದು ಮನೆಗೆ ಬಂದ ಮೇಲೆ ತಿಳಿಯಿತು. ಸರ್ವೆಯವರು ಭೂಮಿಯನ್ನು ಅಕ್ಷಾಂಶ, ರೇಖಾಂಶದ ಲೆಕ್ಕದಲ್ಲಿ ಬರ್ಫಿಯ ಹಾಗೆ ಚೌಕ ಚೌಕವಾಗಿ ಕತ್ತರಿಸಿ, ಒಂದೊಂದು ಚೌಕಕ್ಕೆ ಒಂದೊಂದು ಹಾಳೆ ಮಾಡುತ್ತಾರೆ. ಬೆಟ್ಟಕ್ಕೂ ಅದರ ಬುಡದಲ್ಲಿದ್ದ ಸ್ಪಿರಿಟ್ ಲೇಕ್ ಎಂಬ ಸರೋವರಕ್ಕೂ ನಡುವೆ ಕತ್ತಿ ಬಿದ್ದಿತ್ತು. ಬೆಟ್ಟ ಕೆಳಗಿನ ಹಾಳೆಗೆ, ಸರೋವರ ಮೇಲಿನ ಹಾಳೆಗೆ. ಮುಂದಿನ ವಾರ ಹೋಗಿ ಆ ಇನ್ನೊಂದು ಹಾಳೆಯನ್ನೂ ತಂದೆ. ಎರಡೂ 1950ರ ದಶಕದ ಕೊನೆಯವು. ನೆಲದ ಮೇಲಿನ ಒಂದು ಮೈಲಿಗೆ ಕಾಗದದ ಮೇಲೆ ಸುಮಾರು ಒಂದಿಂಚು. ಊಟದ ಮೇಜಿನ ಮೇಲೆ ಅಂಚಿಗೆ ಅಂಚು ಸೇರಿಸಿ ಇಟ್ಟಾಗ ಬೆಟ್ಟವೂ ನೀರೂ ಮತ್ತೆ ಒಂದಾದವು.

ಓದಲು ಕಲಿಯಬೇಕಾಯಿತು. ಕಂದು ಗೆರೆ ನೆಲದ ಏರಿಳಿತಕ್ಕೆ, ನೀಲಿ ನೀರಿಗೆ, ಹಸಿರು ಕಾಡಿಗೆ, ಕಪ್ಪು ಮನುಷ್ಯರು ಕಟ್ಟಿದ್ದಕ್ಕೆ. ಹಿಮನದಿಯಿರುವ ಕಡೆ ನೆಲದ ಗೆರೆಯೂ ನೀಲಿಗೆ ತಿರುಗುತ್ತದೆ. ಈ ಕಂದು ಗೆರೆಗಳೇ ಹೈಸ್ಕೂಲಿನಲ್ಲಿ ನಾವು ಉರು ಹೊಡೆದಿದ್ದ 'ಸಮೋನ್ನತಿ ರೇಖೆ'ಗಳು. ಆಗ ಅರ್ಥವಾಗಿರಲಿಲ್ಲ. ಐವತ್ತು ದಾಟಿದ ಮೇಲೆ, ಮೊಮ್ಮಗನಿಗೆ ಹೇಳಿಕೊಡಲು ಹೋದಾಗ ಅರ್ಥವಾಯಿತು. ಬಚ್ಚಲಿನ ಬಕೀಟಿನಲ್ಲಿ ಒಂದು ದೊಡ್ಡ ಕಲ್ಲಿಟ್ಟು ಬೆರಳಗಲ ನೀರು ಹಾಕಿದೆ. ನೀರು ಕಲ್ಲನ್ನು ಮುಟ್ಟಿದ ಕಡೆ ಅವನ ಬಣ್ಣದ ಕಡ್ಡಿಯಿಂದ ಸುತ್ತಲೂ ಗೆರೆ ಎಳೆದೆವು. ಮತ್ತೆ ಬೆರಳಗಲ ನೀರು, ಮತ್ತೊಂದು ಗೆರೆ. ಕಲ್ಲನ್ನು ಹೊರತೆಗೆದು ಮೇಲಿನಿಂದ ನೋಡಿದರೆ ಅದೇ ನಕ್ಷೆ. ಕಡಿದಾದ ಕಡೆ ಗೆರೆಗಳು ಒತ್ತೊತ್ತಾಗಿ, ಸಪಾಟಾದ ಕಡೆ ದೂರ ದೂರ.

"ಅಂದ್ರೆ ನೀರು ಅಲ್ಲೀ ತನಕ ಬಂದ್ರೆ ದಡ ಅಲ್ಲಿರುತ್ತೆ ಅಂತ, ಅಲ್ವಾ ಅಜ್ಜಿ?" ಎಂದ ಮೊಮ್ಮಗ.

ಹೌದು ಎಂದೆ. ಅವನಿಗೆ ಅದು ಬಕೀಟಿನ ಆಟ. ನನಗೆ ಆ ಮಾತು ಬೇರೆಲ್ಲೋ ಹೋಗಿ ತಾಗಿತು. ಅದನ್ನು ಆಮೇಲೆ ಹೇಳುತ್ತೇನೆ.

ಹಳೆಯ ನಕ್ಷೆಯಲ್ಲಿ ಆ ಬೆಟ್ಟ ತುಂಬ ಚೆಲುವಾಗಿತ್ತು. ಗೆರೆಗಳು ಹೆಚ್ಚುಕಡಿಮೆ ದುಂಡಗಾಗಿ, ಎಲ್ಲೂ ಹರಿಯದೆ, ತುದಿಯವರೆಗೆ ಏರುತ್ತಿದ್ದವು. ಜಪಾನಿನ ಫ್ಯೂಜಿಯಂತೆ ಇದೆಯೆಂದು 'ಅಮೆರಿಕದ ಫ್ಯೂಜಿ' ಎಂದೇ ಅದನ್ನು ಕರೆಯುತ್ತಿದ್ದರಂತೆ. ಸೇಂಟ್ ಹೆಲೆನ್ಸ್ ಎಂಬ ಹೆಸರು 1792ರಲ್ಲಿ ಆ ಕರಾವಳಿಯಲ್ಲಿ ಹಡಗಿನಲ್ಲಿ ಬಂದ ಜಾರ್ಜ್ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕ ಇಟ್ಟದ್ದು. ಸೇಂಟ್ ಹೆಲೆನ್ಸ್ ಎಂಬ ಬಿರುದಿನ ಒಬ್ಬ ರಾಯಭಾರಿಯ ಗೌರವಾರ್ಥ. ಆ ರಾಯಭಾರಿಯ ಹೆಸರು ಬೆಟ್ಟಕ್ಕೆ ಬಿದ್ದದ್ದಕ್ಕಿಂತ ಮೊದಲೇ ಅಲ್ಲಿಯ ಮೂಲನಿವಾಸಿಗಳು ತಮ್ಮದೇ ಹೆಸರಿಟ್ಟಿದ್ದರು. ಕೌಲಿಟ್ಜ್ ಜನರ ಮಾತಿನಲ್ಲಿ ಅದು 'ಹೊಗೆಯಾಡುವವಳು'. ಇನ್ನೊಂದು ಕತೆಯಲ್ಲಿ ಅವಳು ಲೂವಿಟ್ ಎಂಬ ಮುದುಕಿ. ಕೊಲಂಬಿಯಾ ನದಿಯ ಮೇಲಿನ ದೇವರ ಸೇತುವೆಯಲ್ಲಿ ಕುಳಿತು ಬೆಂಕಿ ಕಾಯುವ ಕೆಲಸ ಅವಳದು. ಅವಳ ನಿಷ್ಠೆಗೆ ಮೆಚ್ಚಿ ದೇವರು ಅವಳನ್ನು ಸುಂದರಿ ತರುಣಿಯಾಗಿಸಿದ. ಅಣ್ಣತಮ್ಮಂದಿರಿಬ್ಬರು ಅವಳಿಗಾಗಿ ಹೊಡೆದಾಡಿ, ಬೆಂಕಿಯ ಕಲ್ಲು ಎಸೆದಾಡಿ, ಕೊನೆಗೆ ಮೂವರೂ ಬೆಟ್ಟಗಳಾದರು. ಅಣ್ಣತಮ್ಮಂದಿರು ಆಡಮ್ಸ್ ಮತ್ತು ಹುಡ್ ಎಂಬ ಬೆಟ್ಟಗಳಾಗಿ ಇಂದಿಗೂ ಆ ಕಡೆ ಈ ಕಡೆ ನಿಂತಿದ್ದಾರೆ. ಗಂಡಸರ ಜಗಳ ಮುಗಿದ ಮೇಲೂ ಬೆಂಕಿ ಕಾಯುವ ಕೆಲಸ ಅವಳಿಗೆ ತಪ್ಪಿದಂತಿಲ್ಲ. ನಕ್ಷೆಯಲ್ಲಿ ಉತ್ತರದ ಇಳಿಜಾರಿನ ಒಂದು ಹಿಮನದಿಗೆ ಮಾತ್ರ ಲೂವಿಟ್ ಎಂಬ ಹೆಸರು ಉಳಿದಿತ್ತು.

ಮೇಲಿನ ಹಾಳೆಯಲ್ಲಿ ಸರೋವರ. ಅದರ ಮೇಲ್ಮೈ ಸಮುದ್ರಮಟ್ಟದಿಂದ ಸುಮಾರು 3,200 ಅಡಿ. ದಡದ ಸುತ್ತ ಪುಟ್ಟ ಪುಟ್ಟ ಕಪ್ಪು ಚೌಕಗಳು, ಸಾಸಿವೆ ಚೆಲ್ಲಿದ ಹಾಗೆ. ಒಂದೊಂದು ಚೌಕವೂ ಒಂದೊಂದು ಮನೆ ಅಥವಾ ಕಟ್ಟಡ. ಪೋರ್ಟ್‌ಲೆಂಡಿನ ಮಕ್ಕಳು ಬೇಸಿಗೆ ರಜೆಯಲ್ಲಿ ಅಲ್ಲಿಯ ಶಿಬಿರಗಳಿಗೆ ಹೋಗುತ್ತಿದ್ದರಂತೆ. ಗೈಡ್ಸ್ ಹುಡುಗಿಯರಿಗೂ ಒಂದು ಶಿಬಿರವಿತ್ತು. ಇವುಗಳ ನಡುವೆ ಹ್ಯಾರಿ ಟ್ರೂಮನ್ ಎಂಬವರ ವಸತಿಗೃಹ. ಐವತ್ತಕ್ಕೂ ಹೆಚ್ಚು ವರ್ಷ ಅವರು ಅದನ್ನು ನಡೆಸಿದ್ದರು.

ಬೆಟ್ಟ ಕೊನೆಯ ಸಲ ಬೆಂಕಿಯುಗುಳಿದ್ದು 1857ರಲ್ಲಿ. ನೂರು ವರ್ಷದ ಮೇಲಾದರೆ ಜನ ಮರೆಯುತ್ತಾರೆ. ಮರೆಯದಿದ್ದವರು ಕ್ರ್ಯಾಂಡೆಲ್ ಮತ್ತು ಮುಲಿನೋ ಎಂಬ ಇಬ್ಬರು ಭೂವಿಜ್ಞಾನಿಗಳು. ಅವರು ಬೆಟ್ಟದ ಸುತ್ತಲಿನ ಬೂದಿಯ ಪದರಗಳನ್ನು ಅಗೆದು ನೋಡಿ, ಇದು ಮತ್ತೆ ಸಿಡಿಯುತ್ತದೆ, ಬಹುಶಃ ಈ ಶತಮಾನ ಮುಗಿಯುವುದರೊಳಗೇ ಎಂದು 1970ರ ದಶಕದಲ್ಲೇ ಬರೆದಿಟ್ಟರು. 1980ರ ಮಾರ್ಚ್ 20ರಂದು ನೆಲ ನಡುಗಿತು. 27ರಂದು ಶಿಖರದಿಂದ ಹಬೆ, ಬೂದಿ ಎದ್ದಿತು. ಆಮೇಲೆ ಶುರುವಾದದ್ದು ಬಾವು. ಒಳಗಿನಿಂದ ಕಲ್ಲಿನ ರಸ ಒತ್ತಿ ಒತ್ತಿ ಬೆಟ್ಟದ ಉತ್ತರದ ಮೈ ದಿನಕ್ಕೆ ಐದಾರು ಅಡಿಯಂತೆ ಊದತೊಡಗಿತು.

ಊದಿದೆಯೆಂದು ಹೇಗೆ ತಿಳಿಯುವುದು? ದಿನವೂ ನೋಡುವ ಕಣ್ಣಿಗೆ ಮಗು ಬೆಳೆದದ್ದು ಗೊತ್ತಾಗುವುದಿಲ್ಲ. ಅದಕ್ಕೇ ಅಲ್ಲವೇ ನಾವು ಬಾಗಿಲ ಚೌಕಟ್ಟಿಗೆ ಮಗುವನ್ನು ನಿಲ್ಲಿಸಿ ತಲೆಯ ಮೇಲೆ ಗೀಟು ಹಾಕುವುದು. ಅಲ್ಲಿಯ ವಿಜ್ಞಾನಿಗಳೂ ಮಾಡಿದ್ದು ಅದೇ. 1979ರ ಆಗಸ್ಟಿನಲ್ಲಿ ವಿಮಾನದಿಂದ ತೆಗೆದ ಚಿತ್ರಗಳಿದ್ದವು. ಅವುಗಳಿಂದ ಬೆಟ್ಟದ ಹಳೆಯ ಗೆರೆಗಳನ್ನು ಬರೆದು, 1980ರ ಏಪ್ರಿಲ್ ಮತ್ತು ಮೇ ತಿಂಗಳ ಚಿತ್ರಗಳಿಂದ ಹೊಸ ಗೆರೆಗಳನ್ನು ಬರೆದು, ಎರಡನ್ನೂ ಹೋಲಿಸಿದರು. ಮೇ 12ರ ಹೊತ್ತಿಗೆ ಕೆಲವು ಕಡೆ ನೆಲ 450 ಅಡಿಗೂ ಹೆಚ್ಚು ಉಬ್ಬಿತ್ತು. ಹಳೆಯ ನಕ್ಷೆಯೆಂದರೆ ಅಟ್ಟಕ್ಕೆ ಹಾಕುವ ವಸ್ತು ಎಂದು ನಾನು ತಿಳಿದಿದ್ದೆ. ಹಳೆಯದು ಇಲ್ಲದಿದ್ದರೆ ಹೊಸದರ ಅಪಾಯ ಅಳೆಯಲು ಬರುವುದಿಲ್ಲವೆಂದು ಆ ಮೇಜಿನ ಮೇಲೆ ಕಲಿತೆ.

ಇಲ್ಲಿಂದ ಮುಂದಿನ ಒಂದು ಸಂಗತಿಯನ್ನು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರೋವರದ ಸುತ್ತಲಿನ ಜನರನ್ನು ಮೊದಲೇ ಹೊರಗೆ ಕಳಿಸಿ ರಸ್ತೆ ಮುಚ್ಚಿದ್ದರು. ಮೇ ತಿಂಗಳ ನಡುವೆ ಬೆಟ್ಟ ಸ್ವಲ್ಪ ಸುಮ್ಮನಿತ್ತು. ನಮ್ಮ ಮನೆಯ ಸಾಮಾನು ನಾವು ತರಬೇಡವೇ ಎಂದು ಮನೆಯವರು ಕೂಗಾಡಿದರು. ಕೊನೆಗೆ ಮೇ 17ರ ಶನಿವಾರ, ಆಗುವುದಕ್ಕೆಲ್ಲ ತಾವೇ ಹೊಣೆಯೆಂದು ಬರೆದುಕೊಟ್ಟವರನ್ನು ಪೊಲೀಸರ ಕಾವಲಿನಲ್ಲಿ ಕೆಲವು ಗಂಟೆಗಳ ಮಟ್ಟಿಗೆ ಒಳಗೆ ಬಿಟ್ಟರು. ಅವರು ಕಾರಿಗೆ ಹಿಡಿಸುವಷ್ಟು ತುಂಬಿಕೊಂಡು ಬಂದರು. ಉಳಿದವರಿಗೆ ಮರುದಿನ ಬೆಳಗ್ಗೆ ಹತ್ತು ಗಂಟೆಯ ಸರದಿ.

ಒಂದು ಕಾರಿನಲ್ಲಿ ಎಷ್ಟು ಹಿಡಿಸುತ್ತದೆ? ಯಾವುದನ್ನು ಎತ್ತಿಕೊಳ್ಳಬೇಕು? ಬೆಳ್ಳಿ ತಟ್ಟೆಯೋ, ಮಕ್ಕಳ ಫೋಟೋವೋ, ಒರಳುಕಲ್ಲೋ? ಮನೆ ಖಾಲಿ ಮಾಡಿದ ಹೆಂಗಸರಿಗೆ ಮಾತ್ರ ಗೊತ್ತಿರುವ ಕಷ್ಟ ಅದು.

ಹತ್ತು ಗಂಟೆಯ ಸರದಿ ಬರಲೇ ಇಲ್ಲ. ಮೇ 18ರ ಭಾನುವಾರ ಬೆಳಗ್ಗೆ 8 ಗಂಟೆ 32 ನಿಮಿಷಕ್ಕೆ ನೆಲ ನಡುಗಿ, ಉಬ್ಬಿದ್ದ ಉತ್ತರದ ಮೈ ಪೂರ್ತಿಯಾಗಿ ಜಾರಿತು. ಮನುಷ್ಯರು ದಾಖಲಿಸಿದ ಭೂಕುಸಿತಗಳಲ್ಲೆಲ್ಲ ಅದೇ ದೊಡ್ಡದು. ಆ ಗಳಿಗೆಯಲ್ಲಿ ಕೀತ್ ಮತ್ತು ಡೊರೊಥಿ ಸ್ಟಾಫೆಲ್ ಎಂಬ ಗಂಡಹೆಂಡತಿ, ಇಬ್ಬರೂ ಭೂವಿಜ್ಞಾನಿಗಳು, ಸಣ್ಣ ವಿಮಾನದಲ್ಲಿ ಸರಿಯಾಗಿ ಶಿಖರದ ಮೇಲಿದ್ದರು. ಕೆಳಗೆ ಬೆಟ್ಟ ಅಲುಗಿ, ಅಲೆಯಂತಾಗಿ, ಜಾರಿದ್ದನ್ನು ಅವರು ಕಣ್ಣಾರೆ ನೋಡಿದರು. ಪೈಲಟ್ ವಿಮಾನವನ್ನು ಕೆಳಮುಖವಾಗಿ ಧುಮುಕಿಸಿ ವೇಗ ಹೆಚ್ಚಿಸಿಕೊಂಡು ದಕ್ಷಿಣಕ್ಕೆ ತಿರುಗಿಸಿದ್ದರಿಂದ ಬದುಕಿದರು. ಅದುಮಿಟ್ಟಿದ್ದ ಮುಚ್ಚಳ ಹಾರಿದ ಕುಕ್ಕರಿನಂತೆ ಬೆಟ್ಟ ಉತ್ತರದ ಪಕ್ಕಕ್ಕೆ ಸಿಡಿಯಿತು. ಸುಮಾರು 600 ಚದರ ಕಿಲೋಮೀಟರು ಕಾಡು ಬಾಚಣಿಗೆಯಿಂದ ಬಾಚಿದ ಹಾಗೆ ಒಂದೇ ದಿಕ್ಕಿಗೆ ಮಲಗಿತು. ಬೂದಿ 24 ಕಿಲೋಮೀಟರು ಮೇಲೆದ್ದಿತು. ಪೂರ್ವದ ಯಾಕಿಮಾ ಎಂಬ ಊರಿನಲ್ಲಿ ಹಗಲಿನಲ್ಲೇ ಬೀದಿದೀಪ ಹತ್ತಿದವು. 57 ಜನ ಸತ್ತರು.

ಟ್ರೂಮನ್ ಅವರಲ್ಲೊಬ್ಬರು. ವಯಸ್ಸು 83. ಹೆಂಡತಿ ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದರು. ಯಾರು ಕರೆದರೂ ಆ ಮನೆ ಬಿಟ್ಟು ಬರುವುದಿಲ್ಲವೆಂದು ಹದಿನಾರು ಬೆಕ್ಕುಗಳೊಂದಿಗೆ ಅಲ್ಲೇ ಉಳಿದಿದ್ದರು. ಪತ್ರಿಕೆಯವರು ಅವರನ್ನು ವೀರನೆಂದು ಹೊಗಳಿ ಬರೆದರು, ಶಾಲಾಮಕ್ಕಳು ಕಾಗದ ಬರೆದರು. ಅವರ ಮನೆಯ ಮೇಲೆ ನೂರೈವತ್ತು ಅಡಿ ಕಲ್ಲುಮಣ್ಣು, ಅದರ ಮೇಲೆ ಸರೋವರದ ನೀರು.

ನನ್ನ ಮೂರನೆಯ ಹಾಳೆ ಇದಾದ ಮೇಲಿನದು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ 1981ರ ಮಾರ್ಚಿನ ಸ್ಥಿತಿಯನ್ನು ಗುರುತಿಸಿ ಮಾಡಿದ ನಕ್ಷೆ. ಅದರ ಅಳತೆ ಬೇರೆ, ಒಂದು ಕಿಲೋಮೀಟರಿಗೆ ಒಂದು ಸೆಂಟಿಮೀಟರು. ಆದ್ದರಿಂದ ಒಂದರ ಮೇಲೊಂದಿಟ್ಟು ನೋಡಲಾಗದು, ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ದುಂಡಗಿನ ಬಳೆಗಳೆಲ್ಲ ಉತ್ತರದ ಕಡೆ ಒಡೆದಿವೆ. ಬೆಟ್ಟ ಈಗ ಮೊರದಂತೆ, ಮೂರು ಕಡೆ ಅಂಚು, ಒಂದು ಕಡೆ ಬಾಯಿ. ಲೂವಿಟ್ ಹಿಮನದಿ ಇಲ್ಲ. ಗೋಟ್ ರಾಕ್ಸ್ ಎಂಬ ಬಂಡೆಗಳ ಗುಂಪು ಇಲ್ಲ. ಟೂಟಲ್ ನದಿಯ ಕಣಿವೆ 23 ಕಿಲೋಮೀಟರಿನಷ್ಟು ಉದ್ದ ತುಂಬಿಹೋಗಿದೆ. ಕುಸಿದ ಮಣ್ಣು ಹಳ್ಳಗಳ ಬಾಯಿಗೆ ಅಡ್ಡ ಕೂತು ಕೋಲ್ಡ್‌ವಾಟರ್, ಕ್ಯಾಸಲ್ ಎಂಬ ಎರಡು ಹೊಸ ಕೆರೆಗಳಾಗಿವೆ. ಸ್ಪಿರಿಟ್ ಲೇಕಿನ ತಳವೇ ಮೇಲೆದ್ದು ನೀರು ಇನ್ನೂರು ಅಡಿಗೂ ಹೆಚ್ಚು ಏರಿ, ಅಗಲವಾಗಿ ಹರಡಿಕೊಂಡಿದೆ. ದಡದ ಸಾಸಿವೆ ಕಾಳಿನಂತಹ ಕಪ್ಪು ಚೌಕ ಒಂದೂ ಇಲ್ಲ.

ಆ ಬೇಸಿಗೆಯಲ್ಲಿ ಮಗಳು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಬೆಟ್ಟದ ಬಾಯಿಗೆ ಎದುರಾಗಿ ಐದಾರು ಮೈಲಿ ದೂರದಲ್ಲಿ ಜಾನ್‌ಸ್ಟನ್ ದಿಣ್ಣೆ, ಅದರ ಮೇಲೆ 1997ರಲ್ಲಿ ತೆರೆದ ವೀಕ್ಷಣಾಲಯ. (2023ರ ಮೇ ತಿಂಗಳಲ್ಲಿ ಗುಡ್ಡ ಜಾರಿ ಸೇತುವೆ ಕೊಚ್ಚಿಹೋಗಿ ಅಲ್ಲಿಗೆ ಹೋಗುವ ರಸ್ತೆ ಮುಚ್ಚಿತೆಂದು ಮಗಳು ಫೋನಿನಲ್ಲಿ ಹೇಳಿದಳು. ಬೆಟ್ಟದ ನೆಲ ಇನ್ನೂ ಗಟ್ಟಿಯಾಗಿ ಕುಳಿತಿಲ್ಲ.) ಡೇವಿಡ್ ಜಾನ್‌ಸ್ಟನ್ ಎಂಬ ಮೂವತ್ತು ವರ್ಷದ ವಿಜ್ಞಾನಿ ಆ ಭಾನುವಾರ ಅಲ್ಲಿ ಕಾವಲಿದ್ದವರು. ಅವರ ದೇಹ ಸಿಗಲಿಲ್ಲ. ನಿಜವಾಗಿ ಅದಕ್ಕೆ ಮುಂಚೆ ವಾರಗಟ್ಟಲೆ ಅಲ್ಲಿದ್ದವರು ಹ್ಯಾರಿ ಗ್ಲಿಕನ್ ಎಂಬ ವಿದ್ಯಾರ್ಥಿ. ಓದಿನ ಕೆಲಸಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿ ಶನಿವಾರ ಸಂಜೆ ಅಲ್ಲಿಂದ ಇಳಿದಿದ್ದರು. ಆ ಜಾಗಕ್ಕೆ ಜಾನ್‌ಸ್ಟನ್ ಬಂದಿದ್ದರು.

ಗ್ಲಿಕನ್ ಆಮೇಲೆ ಮಾಡಿದ ಕೆಲಸ ನನ್ನ ಮನಸ್ಸಿನಲ್ಲಿ ಉಳಿದಿದೆ. ಕಣಿವೆಯಲ್ಲಿ ಚೆಲ್ಲಿಬಿದ್ದಿದ್ದ ಬೆಟ್ಟದ ತುಂಡುಗಳು ದೊಡ್ಡ ದೊಡ್ಡ ಗುಪ್ಪೆಗಳಾಗಿ ನಿಂತಿದ್ದವು. ಅವರು ವರ್ಷಗಟ್ಟಲೆ ಆ ಗುಪ್ಪೆಗಳ ನಡುವೆ ನಡೆದು, ಈ ಕಲ್ಲು ಹಳೆಯ ಬೆಟ್ಟದ ಯಾವ ಭಾಗದ್ದು, ಆ ಕಲ್ಲು ಎಲ್ಲಿಯದು ಎಂದು ವಿಂಗಡಿಸಿ, ಅದರ ವಿವರವಾದ ನಕ್ಷೆ ಮಾಡಿದರು. ಒಡೆದ ಬೋಗುಣಿಯ ಚೂರುಗಳನ್ನು ಕೂತು ಜೋಡಿಸುವವರ ಹಾಗೆ. 1991ರ ಜೂನ್ 3ರಂದು ಜಪಾನಿನ ಉನ್ಜೆನ್ ಎಂಬ ಜ್ವಾಲಾಮುಖಿಯಲ್ಲಿ ಅವರೂ ತೀರಿಕೊಂಡರು.

ದಿಣ್ಣೆಯ ಮೇಲೆ ಗಾಳಿ ಜೋರಾಗಿತ್ತು. ಹಳೆಯ ಹಾಳೆಗಳನ್ನು ಬಿಡಿಸಿ ನಾಲ್ಕು ಮೂಲೆಗೂ ಕಲ್ಲಿಟ್ಟೆವು. ಎದುರಿಗೆ ಬೂದುಬಣ್ಣದ ಬೆಟ್ಟ, ಬಾಯಿಯೊಳಗೆ ಹೊಸದಾಗಿ ಏಳುತ್ತಿದ್ದ ಕಲ್ಲಿನ ಗುಮ್ಮಟ, ಅದರಿಂದ ಒಲೆ ಆರಿಸಿದ ಮೇಲೆ ಏಳುವಂತಹ ಸಣ್ಣ ಹೊಗೆ. ಮೊಮ್ಮಗ ಕೈಯೆತ್ತಿ ಗಾಳಿಯಲ್ಲಿ ಹಳೆಯ ಶಿಖರವನ್ನು ಬರೆದು ತೋರಿಸಿದ. ಸರೋವರ ಕಾಣುತ್ತಿರಲಿಲ್ಲ, ನಡುವೆ ಇನ್ನೊಂದು ದಿಣ್ಣೆ ಅಡ್ಡವಿತ್ತು. ಅದಕ್ಕೆ ಟ್ರೂಮನ್ ನೆನಪಿಗಾಗಿ ಹ್ಯಾರಿಯ ದಿಣ್ಣೆ ಎಂದು ಹೆಸರಿಟ್ಟಿದ್ದಾರೆ. ಮುಂದಿನ ವಾರ ಬೇರೆ ದಾರಿಯಲ್ಲಿ, ಪೂರ್ವದ ವಿಂಡಿ ರಿಡ್ಜ್ ಎಂಬಲ್ಲಿಗೆ ಹೋಗಿ ಸರೋವರ ನೋಡಿದೆವು. 27 ವರ್ಷದ ಹಿಂದೆ ಬಿದ್ದ ಮರದ ದಿಮ್ಮಿಗಳು ಸಾವಿರಗಟ್ಟಲೆ ಇನ್ನೂ ತೇಲುತ್ತಿದ್ದವು. ಗಾಳಿ ಬೀಸಿದತ್ತ ಎಲ್ಲವೂ ಒಟ್ಟಿಗೇ ಸರಿಯುತ್ತವೆ. ನೀರಿನ ಮೇಲೆ ನೋಡುತ್ತ, "ಇದರ ಕೆಳಗೆ ಮನೆ ಇದೆಯಾ?" ಎಂದ ಮೊಮ್ಮಗ.

ಆಗ ನಾನು ಅವನಿಗೆ ನಮ್ಮ ಮನೆಯ ಕತೆ ಹೇಳಿದೆ.

ನನ್ನ ತವರು ಶರಾವತಿ ಕಣಿವೆಯಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೆ ಎರಡು ಮೂರು ವರ್ಷ ಮುಂಚಿನಿಂದ ನಮ್ಮ ಮನೆಯ ಜಗಲಿಯಲ್ಲಿ ದಿನಬೆಳಗಾದರೆ ಒಂದೇ ಮಾತು, ಹದಿನೆಂಟು ಹತ್ತೊಂಬತ್ತು. ಶಾಲೆಯಲ್ಲಿ ಇತಿಹಾಸ ಓದುತ್ತಿದ್ದ ನಾನು ಅದು ಯಾವುದೋ ಇಸವಿ ಎಂದುಕೊಂಡಿದ್ದೆ. ಅದು ಇಸವಿಯಲ್ಲ, ಎತ್ತರ. ಸಮುದ್ರಮಟ್ಟದಿಂದ 1,819 ಅಡಿ. ಅಣೆಕಟ್ಟು ತುಂಬಿದರೆ ನೀರು ಅಲ್ಲಿಯವರೆಗೆ ಬರುತ್ತದೆ. ಸರ್ವೆಯವರು ದುರ್ಬೀನು ಹೊತ್ತು ಬಂದು ಮರಗಳಿಗೆ ಸುಣ್ಣದ ಗುರುತು ಹಾಕಿ ಹೋದರು. ಆ ಗುರುತಿನ ಕೆಳಗಿದ್ದದ್ದೆಲ್ಲ ಮುಳುಗಡೆ. ನಮ್ಮ ಮನೆ, ತೋಟ, ಬಾವಿ ಕೆಳಗೆ. ದೊಡ್ಡಪ್ಪನ ಮನೆ ಒಂದು ಅಡಿಕೆ ಮರದಷ್ಟು ಮೇಲೆ. ಅವರು ಉಳಿದರು, ನಾವು ಹೊರಟೆವು. ಅಪ್ಪ ಹೆಬ್ಬಾಗಿಲು, ಕಂಬ, ಹಂಚುಗಳನ್ನೆಲ್ಲ ಬಿಚ್ಚಿ ಲಾರಿಗೆ ಹೇರಿಸಿದರು. ನಾನು ಗೆರೆ ಎಂಬುದನ್ನು ಮೊದಲು ಕಂಡದ್ದು ಕಾಗದದ ಮೇಲಲ್ಲ, ನಮ್ಮ ಹಲಸಿನ ಮರದ ಮೇಲೆ. ಬಕೀಟಿನ ಪಕ್ಕ ಕುಳಿತು ಮೊಮ್ಮಗ ಕೇಳಿದ ಮಾತು ತಾಗಿದ್ದು ಅಲ್ಲಿಗೆ.

ಮಗಳು ಏನೂ ಹೇಳದೆ ಆ ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತಳು. 1950ರ ದಶಕದಲ್ಲಿ ಅಮೆರಿಕದ ಸೇನೆಯ ನಕ್ಷೆ ವಿಭಾಗ ಇಂಡಿಯಾದ ನಕ್ಷೆಗಳನ್ನು ಮಾಡಿತ್ತು. ಟೆಕ್ಸಾಸಿನ ವಿಶ್ವವಿದ್ಯಾಲಯವೊಂದರ ಗ್ರಂಥಾಲಯ ಅವನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದೆ. ನಮ್ಮ ಕಡೆಯ ಹಾಳೆಯನ್ನು ಹುಡುಕಿ, ತುಂಡು ತುಂಡಾಗಿ ಮುದ್ರಿಸಿ, ಅಂಟಿಸಿ ಬೆಳಗ್ಗೆ ನನ್ನ ಕೈಗಿತ್ತಳು. ನಾಲ್ಕು ಮೈಲಿಗೆ ಒಂದಿಂಚಿನ ಸಣ್ಣ ಅಳತೆ. ಆದರೂ ಅದು ಅಣೆಕಟ್ಟಿಗೆ ಮುಂಚಿನದು. ಈಗಿನ ನಕ್ಷೆಗಳಲ್ಲಿ ನೀಲಿ ಹರಡಿಕೊಂಡಿರುವ ಕಡೆ ಶರಾವತಿ ದಾರದ ಎಳೆಯಂತೆ ಹರಿಯುತ್ತಿದ್ದಳು. ನಮ್ಮೂರಿನ ಹೆಸರು ಅದರಲ್ಲಿರಲಿಲ್ಲ. ಆರು ಮನೆಯ ಊರಿಗೆ ಅಷ್ಟು ಸಣ್ಣ ಅಳತೆಯಲ್ಲಿ ಜಾಗವೆಲ್ಲಿ? ಈ ನಾಲ್ಕನೆಯ ಹಾಳೆಯನ್ನು ಕೊಳವೆಗೆ ಹಾಕದೆ ಕೈಚೀಲದಲ್ಲಿ ಮಡಿಸಿಟ್ಟುಕೊಂಡು ಬಂದೆ. ಎದುರುಮನೆಯವರಿಗೆ ಅದನ್ನು ತೋರಿಸಲಿಲ್ಲ.

ತೋರಿಸಬೇಕಾಗಿದ್ದದ್ದು ಅಮ್ಮನಿಗೆ. ಆಗ ಅವಳಿಗೆ ಎಂಬತ್ತು. ಮುಳುಗಡೆಯ ಮಾತು ಬಂದರೆ ಅಪ್ಪ ಗಂಟೆಗಟ್ಟಲೆ ಹೇಳುತ್ತಿದ್ದರು. ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಅಪ್ಪ ಹೋದ ಮೇಲೆ ಆ ಮಾತೇ ನಿಂತಿತ್ತು. ನಾಲ್ಕೂ ಹಾಳೆಗಳನ್ನು ಅವಳ ಮಂಚದ ಮೇಲೆ ಹರಡಿದೆ. ನಮ್ಮ ನದಿಯನ್ನು ತೋರಿಸಿದರೆ ಅವಳು ಕನ್ನಡಕ ಸರಿಮಾಡಿಕೊಂಡು, "ಇದ್ರಲ್ಲಿ ನಮ್ಮ ಬಾವಿ ಎಲ್ಲಿದೆ?" ಎಂದಳು. ಇಲ್ಲ ಎಂದೆ. "ಹಂಗಾರೆ ಎಂತದರ ನಕ್ಷೆ" ಎಂದು ಪಕ್ಕಕ್ಕೆ ಸರಿಸಿದಳು. ನಾನು ಸೋತು, ಆ ಪರದೇಶದ ಬೆಟ್ಟದ ಕತೆ ಹೇಳತೊಡಗಿದೆ. ಬಾವು, ಸಾಮಾನು ತರಲು ಹೋದವರ ಶನಿವಾರ, ಟ್ರೂಮನ್ ಎಲ್ಲ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಿದ್ದೆ ಬಂತೆಂದುಕೊಂಡೆ.

"ಅವನ ಬೆಕ್ಕುಗಳು ಏನಾದ್ವೇ?" ಎಂದಳು.

"ಅವೂ ಅಲ್ಲೇ ಹೋದ್ವಂತೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ನಾವು ಹೊರಟ ದಿನ ಲಾರಿ ಅಂಗಳದಲ್ಲಿ ನಿಂತು ಹಾರನ್ನು ಹೊಡೆಯುತ್ತಿತ್ತಂತೆ. ಬೂದು ಬೆಕ್ಕು ಹಂಚು ತೆಗೆದ ಮಾಡಿನ ಜಂತಿಯ ಮೇಲೆ ಹತ್ತಿ ಕೂತು, ಎಷ್ಟು ಕರೆದರೂ ಇಳಿಯಲಿಲ್ಲವಂತೆ. ನಾಯಿ ಮನುಷ್ಯರ ಹಿಂದೆ ಬರುತ್ತದೆ, ಬೆಕ್ಕು ಮನೆಯನ್ನು ಬಿಡುವುದಿಲ್ಲ. "ಒಂದು ತಟ್ಟೆ ಹಾಲನ್ನ ಕಲಸಿ ಒಲೆ ಪಕ್ಕ ಇಟ್ಟು ಬಂದೆ. ನಿಮ್ಮಪ್ಪಂಗೆ ಹೇಳಿರ್ಲಿಲ್ಲ. ತಟ್ಟೆ ಎಲ್ಲಿ ಅಂತ ಆಮೇಲೆ ಕೇಳಿದ್ರು. ಕಳದೋಯ್ತು ಅಂದೆ."

ನಲವತ್ತನಾಲ್ಕು ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನಾನೇನು ಹೇಳಬೇಕೆಂದು ತೋಚದೆ ಅವಳ ಕಾಲೊತ್ತುತ್ತ ಕುಳಿತೆ.

ಮರುದಿನ ಮಧ್ಯಾಹ್ನ ಅವಳೇ ಕರೆದು ಪೆನ್ಸಿಲು ಕೇಳಿದಳು. ಶರಾವತಿಯ ಹಾಳೆಯನ್ನು ಮಗುಚಿ, ಹಿಂಬದಿಯ ಬಿಳಿಯ ಮೇಲೆ, ರಂಗೋಲಿಗೆ ನಡುವಿನ ಚುಕ್ಕಿ ಇಡುವಂತೆ ಮೊದಲು ಒಲೆ ಇಟ್ಟಳು. ಒಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಬಾವಿಗೆ, ಬಾವಿಯಿಂದ ಕೊಟ್ಟಿಗೆಗೆ. ಅವಳು ದಿನಕ್ಕೆ ನೂರು ಸಲ ನಡೆದ ದಾರಿಗಳೇ ಗೆರೆಗಳಾದವು. ಹೊಂಡದ ಗದ್ದೆ, ನೇರಲೆ ಕಟ್ಟೆ, ಹೊಳೆಯ ಬಟ್ಟೆಕಲ್ಲು, ಮೂರು ಮಕ್ಕಳ ಹೊಕ್ಕುಳ ಬಳ್ಳಿ ಹೂತ ತೆಂಗಿನ ಬುಡ. ಅವಳು ಹೇಳಿದ ಹಾಗೆ ನಾನು ಹೆಸರು ಬರೆದೆ. ಎರಡು ವಾರ ಹಿಡಿಯಿತು. ಗ್ಲಿಕನ್ ತಮ್ಮ ಗುಪ್ಪೆಗಳ ನಡುವೆ ಹೇಗೆ ನಡೆದಿರಬೇಕೆಂದು ನನಗೆ ಆಗ ಸ್ವಲ್ಪ ಅಂದಾಜಾಯಿತು. ಸರ್ವೆಯವರು ಒಂದೇ ಒಂದು ಗೆರೆಯಲ್ಲಿ ಮುಗಿಸಿದ್ದ ಜಾಗದಲ್ಲಿ ಇಷ್ಟೊಂದು ಹೆಸರುಗಳಿದ್ದವು.

ಅಮ್ಮ 2012ರಲ್ಲಿ ತೀರಿಕೊಂಡಳು. ಈಗ ನಾಲ್ಕೂ ಹಾಳೆಗಳು ಒಂದೇ ಕೊಳವೆಯಲ್ಲಿವೆ. ಎದುರುಮನೆಯವರ ಮೊಮ್ಮಗಳು ಭೂಗೋಳ ಓದುತ್ತಾಳೆ; ಮೊನ್ನೆ ಬಂದು ನೋಡಿದಳು. ಬೆಟ್ಟದ ಹಾಳೆಗಳ ಮುಂದೆ ತುಂಬ ಹೊತ್ತು ಕುಳಿತಿದ್ದಳು. ಕೊನೆಯದನ್ನು ಮಗುಚಿ, "ಆಂಟಿ, ಇದರಲ್ಲಿ ಅಳತೆ ಇಲ್ಲ, ಉತ್ತರ ದಿಕ್ಕೂ ಇಲ್ಲ" ಎಂದಳು. ಇಲ್ಲ ಎಂದು ಒಪ್ಪಿಕೊಂಡೆ. ಅವಳು ಬೆರಳಿಟ್ಟು, "ಒಲೆ ಪಕ್ಕದಲ್ಲಿ ಈ ಸಣ್ಣ ಸೊನ್ನೆ ಯಾಕಿದೆ? ಹೆಸರು ಬರೆದಿಲ್ಲವಲ್ಲ?" ಎಂದು ಕೇಳಿದಳು.

ಅದನ್ನು ಅಮ್ಮ ಯಾವಾಗ ಬರೆದಳೋ ನಾನು ನೋಡಿರಲಿಲ್ಲ. ತಟ್ಟೆ ಎಂದೆ.